ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ: ಮಾಡಿಸುವ ಮುಂಚೆ ತೂಗಿ ನೋಡಬೇಕಾದ್ದು



ಈ ಪುಟದಲ್ಲಿ ಕೆಚ್ಚಲು ಬಾವು, ಜಂತುಹುಳ, ಖನಿಜ ಮಿಶ್ರಣ ಎಂದು ಬರೆಯುತ್ತಿದ್ದ ನಾನು ಈ ಸಲ ಮನುಷ್ಯರ ಕಣ್ಣಿನ ವಿಷಯ ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಬೈಂದೂರು ಕಡೆಯ ಒಂದು ಮನೆಯಲ್ಲಿ ಹಸುವಿನ ಗಬ್ಬ ಪರೀಕ್ಷೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಯಜಮಾನರು ಹತ್ತಿರ ಬಂದು, “ಡಾಕ್ಟ್ರೇ, ಈ ಗಡ್ಸ್ ಕೊಟ್ರೆ ಎಷ್ಟ್ ಬಕ್ಕ್?” ಎಂದು ಕೇಳಿದರು. ಹದಿನಾರು ತಿಂಗಳಿನ ಒಳ್ಳೆಯ ಮಿಶ್ರತಳಿ ಗಡಸು. ಇನ್ನೇನು ಬೆದೆಗೆ ಬರಬೇಕು. ಅಂಥದ್ದನ್ನು ಯಾಕೆ ಕೊಡುತ್ತೀರಿ ಎಂದರೆ, ಹತ್ತೊಂಬತ್ತು ವರ್ಷದ ಮಗಳಿಗೆ ಕಣ್ಣಿನ ಲೇಸರ್ ಆಪರೇಶನ್ ಮಾಡಿಸಬೇಕಂತೆ. ಕುಂದಾಪುರದಲ್ಲಿ ಓದುವ ಹುಡುಗಿ. ಗೆಳತಿಯೊಬ್ಬಳು ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬಂದು ಕನ್ನಡಕ ಬಿಟ್ಟಿದ್ದಾಳೆ. ಮುಂದಿನ ವರ್ಷ ಮದುವೆಯ ಮಾತುಕತೆ ಶುರುವಾಗಬಹುದು ಎಂಬ ಲೆಕ್ಕವೂ ತಾಯಿಯ ಮನಸ್ಸಿನಲ್ಲಿತ್ತು.

ನಾನು ದನದ ಡಾಕ್ಟರು, ಮನುಷ್ಯರ ಕಣ್ಣಿನ ಡಾಕ್ಟರಲ್ಲ. ಆದರೆ ಏಳನೇ ಕ್ಲಾಸಿನಿಂದ ಕನ್ನಡಕ ಹಾಕಿದವನು, ಮತ್ತು ಇದೇ ಆಪರೇಶನ್ನಿಗೆಂದು ಒಮ್ಮೆ ಹೋಗಿ ಬಂದವನು. ಆ ದಿನ ಹಟ್ಟಿಯ ಬಾಗಿಲಲ್ಲಿ ನಿಂತು ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ನೇತ್ರವೈದ್ಯರು ಹೇಳುವುದೇ ಅಂತಿಮ. ಅವರ ಹತ್ತಿರ ಹೋದಾಗ ಏನು ಕೇಳಬೇಕು ಎಂಬುದು ಗೊತ್ತಾದರೆ ಈ ಬರಹದ ಕೆಲಸ ಆಯಿತು.

ಮೊದಲು ಒಂದು ಗೊಂದಲ ತೆಗೆಯೋಣ. ನಮ್ಮ ಹಿರಿಯರಿಗೆ ಕಣ್ಣಿನ ಆಪರೇಶನ್ ಎಂದರೆ ಪೊರೆ ತೆಗೆಯುವುದು. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಮಾಡಿ ಸಾವಿರಾರು ಜನರಿಗೆ ಕಣ್ಣು ಕೊಟ್ಟದ್ದು ಆ ಆಪರೇಶನ್ನಿನಿಂದ. ಪೊರೆ ಬಂದ ಕಣ್ಣಿಗೆ ಕನ್ನಡಕದಿಂದ ಪ್ರಯೋಜನವಿಲ್ಲ, ಆಪರೇಶನ್ ಆಗಲೇಬೇಕು. ಲೇಸರ್ ಚಿಕಿತ್ಸೆ ಹಾಗಲ್ಲ. ಅದು ಕನ್ನಡಕ ಹಾಕಿದರೆ ಚೆನ್ನಾಗಿಯೇ ಕಾಣುವ, ಬೇರೆ ರೋಗವಿಲ್ಲದ ಕಣ್ಣಿಗೆ ಮಾಡುವ ಆಪರೇಶನ್. ಮಾಡಿಸದಿದ್ದರೆ ಕಣ್ಣು ಹೋಗುವುದಿಲ್ಲ, ತಡ ಮಾಡಿದರೂ ನಷ್ಟವಿಲ್ಲ. ಅವಸರ ಪಡಿಸುವವರು ಯಾರೇ ಇರಲಿ, ಈ ಮಾತು ನೆನಪಿನಲ್ಲಿರಲಿ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರ ಇದೆ. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ದನಗಳಲ್ಲಿ ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ನೀವು ನನಗೆ ತೋರಿಸುವುದು ಈ ಪದರ ಬೆಳ್ಳಗಾದದ್ದನ್ನು. ಬೆಳಕನ್ನು ಬಾಗಿಸಿ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದ್ದೇ. ವಯಸ್ಕರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ಮೈನಸ್ ಎರಡೂವರೆಯಿಂದ ಮೂರರಷ್ಟು ಪವರ್ ಬರುತ್ತದೆ, ದೂರದ್ದು ಮಸುಕಾಗುತ್ತದೆ. ಲೇಸರ್ ಚಿಕಿತ್ಸೆ ಕಣ್ಣಿನ ಉದ್ದವನ್ನು ಕಡಿಮೆ ಮಾಡುವುದಿಲ್ಲ. ಮುಂದಿನ ಪದರವನ್ನು ನಡುವೆ ಸ್ವಲ್ಪ ಸವೆಸಿ ಚಪ್ಪಟೆ ಮಾಡುತ್ತದೆ, ಅಷ್ಟೆ. ಅಂದರೆ ಕನ್ನಡಕದ ಗಾಜನ್ನು ಉಜ್ಜುವ ಬದಲು ಕಣ್ಣಿನ ಗಾಜನ್ನೇ ಉಜ್ಜಿದ ಹಾಗೆ.

ಇದರ ಹಿಂದಿನ ಕತೆ ದನದ ಡಾಕ್ಟರಿಗೆ ಇಷ್ಟವಾಗುವಂಥದ್ದು. 1981ರ ನವೆಂಬರಿನಲ್ಲಿ ಅಮೆರಿಕದ ಐ.ಬಿ.ಎಂ. ಪ್ರಯೋಗಾಲಯದಲ್ಲಿ, ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಗೆ ಹೋಗಿದ್ದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಲೇಸರ್ ಬಿಟ್ಟು ನೋಡಿದರು. ಅದು ಸುತ್ತಲಿನ ಜಾಗವನ್ನು ಸುಡದೆ, ಕೂದಲಿಗಿಂತ ತೆಳ್ಳಗೆ ಕೆತ್ತುತ್ತಿತ್ತು. 1983ರಲ್ಲಿ ಅವರು ನ್ಯೂಯಾರ್ಕಿನ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರೊಂದಿಗೆ ಇದನ್ನು ಕಾರ್ನಿಯಾದ ಮೇಲೆ ಪರೀಕ್ಷಿಸಿ ಪ್ರಕಟಿಸಿದಾಗ ಬಳಸಿದ್ದು ದನದ ಕಣ್ಣುಗಳನ್ನು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಾವೂ ದನದ ಕಣ್ಣನ್ನು ಬಿಡಿಸಿ ಕಲಿತವರೇ. ಅದರ ಕಾರ್ನಿಯಾ ಮನುಷ್ಯರದ್ದಕ್ಕಿಂತ ಚೆನ್ನಾಗಿ ದಪ್ಪ, ಬ್ಲೇಡಿಗೆ ಗಟ್ಟಿಯಾಗಿ ಸಿಗುತ್ತದೆ. ಮನುಷ್ಯರದ್ದು ನಡುವಿನಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಮಾತ್ರ. ಇಡೀ ತೀರ್ಮಾನ ನಿಂತಿರುವುದು ಈ ಅರ್ಧ ಮಿಲಿಮೀಟರಿನ ಲೆಕ್ಕದ ಮೇಲೆ.

ಆ ಲೆಕ್ಕವನ್ನು ನನ್ನ ಕಣ್ಣಿನದ್ದೇ ತೆಗೆದುಕೊಂಡು ಹೇಳುತ್ತೇನೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಸಾಮಾನ್ಯವಾಗಿ ಕಾರ್ನಿಯಾ 520ರಿಂದ 540 ಮೈಕ್ರಾನ್ ಇರುತ್ತದೆ. ಲಾಸಿಕ್ ಎಂಬ ವಿಧಾನದಲ್ಲಿ ಮೊದಲು 100ರಿಂದ 120 ಮೈಕ್ರಾನ್ ದಪ್ಪದ ಒಂದು ಮುಚ್ಚಳವನ್ನು ಕತ್ತರಿಸಿ, ಬಾಗಿಲಿನಂತೆ ಒಂದು ಬದಿಗೆ ಮಡಚುತ್ತಾರೆ. ಅದರಡಿಯಲ್ಲಿ ಪ್ರತಿ ಒಂದು ಪವರಿಗೆ ಸುಮಾರು 12ರಿಂದ 15 ಮೈಕ್ರಾನಿನಷ್ಟು ಸವೆಸುತ್ತಾರೆ. ಬಳಿಕ ಮುಚ್ಚಳವನ್ನು ಮತ್ತೆ ಕೂರಿಸುತ್ತಾರೆ. ಎಲ್ಲ ಕಳೆದು ಅಡಿಯಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ಎಚ್ಚರಿಕೆಯ ವೈದ್ಯರು 300 ಉಳಿಯಲಿ ಎನ್ನುತ್ತಾರೆ. ನನ್ನ ಕಾರ್ನಿಯಾ 470, ಪವರ್ ಮೈನಸ್ ಎಂಟೂವರೆ. ಮುಚ್ಚಳಕ್ಕೆ 110 ಹೋಯಿತು. ಎಂಟೂವರೆಯನ್ನು 14ರಿಂದ ಗುಣಿಸಿದರೆ 119, ಅದೂ ಹೋಯಿತು. ಉಳಿದದ್ದು 241. “ನಿಮಗೆ ಬೇಡ” ಎಂದು ವೈದ್ಯರು ಕಾಗದದ ಮೇಲೆಯೇ ಕಳೆದು ತೋರಿಸಿದರು. ನನಗಾಗ ಮೂವತ್ತನಾಲ್ಕು. ರಜೆ ಹಾಕಿ ಹೋಗಿದ್ದೆ, ಹಣವನ್ನೂ ಒಟ್ಟುಮಾಡಿದ್ದೆ. ಬಸ್ಸಿನಲ್ಲಿ ಬರುವಾಗ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಈಗ ನೋಡಿದರೆ ಆ ದಿನ ನನಗೆ ಸಿಕ್ಕಿದ್ದು ಒಳ್ಳೆಯ ವೈದ್ಯರು. ಪರೀಕ್ಷೆ ಮಾಡಿ ಕೆಲವರನ್ನಾದರೂ ವಾಪಸು ಕಳಿಸುವ ಕಡೆಗೇ ಹೋಗಿ ಎಂದು ನಾನು ಹೇಳುವುದು ಇದರಿಂದಾಗಿ.

ಅಷ್ಟು ತೆಳ್ಳಗೆ ಮಾಡಿದರೆ ಏನಾಗುತ್ತದೆ ಎಂದು ಕೇಳಬಹುದು. ಕಣ್ಣಿನೊಳಗೆ ಸದಾ ಒತ್ತಡವಿದೆ. ತೆಳುವಾದ ಪದರ ಆ ಒತ್ತಡಕ್ಕೆ ನಿಧಾನವಾಗಿ ಮುಂದಕ್ಕೆ ಉಬ್ಬುತ್ತದೆ, ದೃಷ್ಟಿ ಕೆಡುತ್ತದೆ, ಆಮೇಲೆ ಕನ್ನಡಕವೂ ಹೊಂದುವುದಿಲ್ಲ. ಕೆಲವರಿಗೆ ಹುಟ್ಟುಗುಣದಿಂದಲೇ ಕಾರ್ನಿಯಾ ಶಂಕುವಿನಂತೆ ಚೂಪಾಗುವ ದೋಷ ಇರುತ್ತದೆ. ಕಣ್ಣು ತುರಿಸಿ ತುರಿಸಿ ಉಜ್ಜುವವರಲ್ಲಿ ಇದು ಹೆಚ್ಚು. ಅದು ಆರಂಭದಲ್ಲಿ ಕನ್ನಡಿಯಲ್ಲಿ ಕಾಣದು. ಕಾರ್ನಿಯಾದ ನಕ್ಷೆ ತೆಗೆಯುವ ಯಂತ್ರದಲ್ಲಿ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ನಕ್ಷೆ ಮತ್ತು ದಪ್ಪದ ಅಳತೆ ಎರಡೂ ಆಗದೆ ಯಾರೂ ದಿನ ಗೊತ್ತುಮಾಡಬಾರದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಮುಂಚೆ ಮೆತ್ತನೆಯದಾದರೆ ಒಂದೆರಡು ವಾರ, ಗಟ್ಟಿಯದಾದರೆ ಇನ್ನೂ ಹೆಚ್ಚು ದಿನ ಅದನ್ನು ಬಿಟ್ಟಿರಬೇಕು. ಇಲ್ಲವಾದರೆ ಅಳತೆ ತಪ್ಪುತ್ತದೆ.

ಆ ಹುಡುಗಿಯ ವಿಷಯಕ್ಕೆ ಬರೋಣ. ಹಳೆಯ ಚೀಟಿಗಳನ್ನು ತರಲು ಹೇಳಿದೆ. ಹಿಂದಿನ ವರ್ಷ ಮೈನಸ್ ನಾಲ್ಕೂವರೆ, ಈ ವರ್ಷ ಐದೂಕಾಲು. ಮುಕ್ಕಾಲು ಪವರ್ ಏರಿದೆ. ಕಣ್ಣು ಇನ್ನೂ ಬೆಳೆಯುತ್ತಿದೆ ಎಂದೇ ಇದರ ಅರ್ಥ. ಹದಿನೆಂಟು ತುಂಬಿದರೆ ಸಾಕು ಎಂಬುದು ಕನಿಷ್ಠ ಮಿತಿ ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಪವರ್ ಒಂದು ವರ್ಷವಾದರೂ ನಿಂತಿರುವುದು, ಅಂದರೆ ಅರ್ಧಕ್ಕಿಂತ ಹೆಚ್ಚು ಬದಲಾಗದಿರುವುದು. ಏರುತ್ತಿರುವ ಕಣ್ಣಿಗೆ ಈಗ ಮಾಡಿಸಿದರೆ ಎರಡು ವರ್ಷದಲ್ಲಿ ಮತ್ತೆ ಕನ್ನಡಕ ಬರುತ್ತದೆ. ಎರಡನೇ ಸಲ ಸವೆಸಲು ದಪ್ಪ ಉಳಿದಿರಬೇಕಲ್ಲ. ಮಣಿಪಾಲಕ್ಕೆ ಹೋಗಿ ತೋರಿಸಿದಾಗ ನೇತ್ರವೈದ್ಯರೂ ಒಂದು ವರ್ಷ ಬಿಟ್ಟು ಬನ್ನಿ ಎಂದೇ ಕಳಿಸಿದರು. ಕಾರ್ನಿಯಾ ಒಳ್ಳೆಯ ದಪ್ಪ ಇದೆಯಂತೆ, ಹಾಗಾಗಿ ಬಾಗಿಲು ಮುಚ್ಚಿಲ್ಲ.

ಮದುವೆಗಾಗಿ ಕನ್ನಡಕ ತೆಗೆಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನೋಡಲು ಬರುವವರ ಕಣ್ಣಿಗಾಗಿ ಇವಳ ಕಣ್ಣು ಸವೆಸುವುದೇ? ಆದರೆ ಕನ್ನಡಕ ಹೊತ್ತವಳು ಅವಳು. ಮಳೆಯಲ್ಲಿ ಬಸ್ಸಿಗೆ ಓಡುವುದು, ಮಬ್ಬಾದ ಗಾಜು ಒರೆಸುವುದು, ರಾತ್ರಿ ಎದ್ದು ತಡಕಾಡುವುದು ಎಲ್ಲ ಅವಳದ್ದು. ತನಗೇ ಬೇಕೆಂದು ಅವಳು ಹೇಳಿದರೆ ಅದು ಬೇರೆ ಮಾತು. ಇನ್ನೊಂದು ಸಂಗತಿ. ಮದುವೆಯಾಗಿ ಗರ್ಭಿಣಿಯಾದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಆ ಕಾಲದಲ್ಲಿ ಪವರ್ ಮತ್ತು ಕಣ್ಣಿನ ತೇವ ಎರಡೂ ಏರುಪೇರಾಗುತ್ತವೆ. ಹಾಲು ಬಿಡಿಸಿ ಕೆಲವು ತಿಂಗಳು ಕಳೆಯುವವರೆಗೆ ಈ ಚಿಕಿತ್ಸೆ ಮಾಡುವುದಿಲ್ಲ.

ಈಗ ಬಹಳ ಮುಖ್ಯವಾದ ಮಾತು, ದನಗಳ ನಡುವೆ ಬದುಕುವ ನಮಗೆ. ಇದನ್ನು ಜಾಹೀರಾತಿನಲ್ಲಿ ಬರೆಯುವುದಿಲ್ಲ. ಲಾಸಿಕ್‌ನಲ್ಲಿ ಕೂರಿಸಿದ ಮುಚ್ಚಳ ಅಂಚಿನಲ್ಲಿ ಹಿಡಿದುಕೊಳ್ಳುತ್ತದೆಯೇ ಹೊರತು ಮೊದಲಿನಷ್ಟು ಬಲವಾಗಿ ಎಂದೂ ಕೂಡಿಕೊಳ್ಳುವುದಿಲ್ಲ. ಆಫೀಸಿನಲ್ಲಿ ಕೂರುವವರಿಗೆ ಇದರಿಂದ ತೊಂದರೆ ಬಹಳ ಅಪರೂಪ. ಆದರೆ ಜೋರಾದ ಪೆಟ್ಟು ಬಿದ್ದು ವರ್ಷಗಳ ನಂತರ ಮುಚ್ಚಳ ಜರುಗಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. ಹಾಲು ಕರೆಯುವಾಗ ಸೆಗಣಿ ಮೆತ್ತಿದ ಬಾಲ ಮುಖಕ್ಕೆ ಹೊಡೆಯದ ದಿನ ಯಾವುದು? ಮೇವು ಹಾಕುವಾಗ ತಲೆ ಕೊಡವಿದ ಹಸುವಿನ ಕೊಂಬು ಹುಬ್ಬಿಗೆ ತಾಗಿದವರು ನಮ್ಮ ಸಂಘಗಳಲ್ಲಿ ಎಷ್ಟು ಜನ ಇಲ್ಲ? ಆದ್ದರಿಂದ ನೀವು ಹಟ್ಟಿಯ ಕೆಲಸದವರು ಎಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಒಳ್ಳೆಯ ಸೀರೆ ಉಟ್ಟು, ಇಸ್ತ್ರಿ ಅಂಗಿ ಹಾಕಿ ಹೋದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಇಂಥವರಿಗೆ ಮುಚ್ಚಳವಿಲ್ಲದ ವಿಧಾನಗಳಿವೆ. ಹಳೆಯದು ಪಿ.ಆರ್.ಕೆ. ಇದಕ್ಕೆ ಅಮೆರಿಕದಲ್ಲಿ 1995ರಲ್ಲಿ ಮಂಜೂರಾತಿ ಸಿಕ್ಕಿತು. ಇದರಲ್ಲಿ ಕಾರ್ನಿಯಾದ ಮೇಲಿನ ತೆಳು ಚರ್ಮವನ್ನು ಒರೆಸಿ ತೆಗೆದು ನೇರವಾಗಿ ಲೇಸರ್ ಬಿಡುತ್ತಾರೆ. ಚರ್ಮ ತಾನಾಗಿ ಮತ್ತೆ ಬೆಳೆಯುತ್ತದೆ. ಮೂರು ನಾಲ್ಕು ದಿನ ಚೆನ್ನಾಗಿ ನೋಯುತ್ತದೆ, ನೀರು ಸುರಿಯುತ್ತದೆ, ದೃಷ್ಟಿ ಸ್ಪಷ್ಟವಾಗಲು ವಾರಗಳು ಬೇಕು. ಕೆಲವು ತಿಂಗಳು ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಬೇಕು, ಇಲ್ಲವಾದರೆ ಕಾರ್ನಿಯಾ ಮಸುಕಾಗುವ ಸಂಭವವಿದೆ. ಆದರೆ ಮುಂದೆ ಜರುಗಲು ಅಲ್ಲಿ ಮುಚ್ಚಳವೇ ಇಲ್ಲ. ಹೊಸದು ಸ್ಮೈಲ್ ಎಂಬುದು. ಅಮೆರಿಕದಲ್ಲಿ 2016ರಲ್ಲಿ ಮಂಜೂರಾದ ಈ ವಿಧಾನದಲ್ಲಿ ಕಾರ್ನಿಯಾದ ಒಳಗೇ ಒಂದು ಸಣ್ಣ ಬಿಲ್ಲೆಯನ್ನು ಲೇಸರಿನಿಂದ ಕೊರೆದು, ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಸೀಳಿನಿಂದ ಹೊರಗೆ ಎಳೆಯುತ್ತಾರೆ. ಖರ್ಚು ಹೆಚ್ಚು. ಲಾಸಿಕ್ ಮಾಡಿಸಿದವರು ಮರುದಿನವೇ ಗೋಡೆಯ ಕ್ಯಾಲೆಂಡರ್ ಓದುತ್ತಾರೆ, ಅದಕ್ಕೆಂದೇ ಅದು ಜನಪ್ರಿಯ. ನಮ್ಮ ಕಸುಬಿಗೆ ಆ ಒಂದು ವಾರದ ಅನುಕೂಲ ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಪವರ್ ತುಂಬಾ ಹೆಚ್ಚಿದ್ದವರಿಗೆ, ಕಾರ್ನಿಯಾ ತೆಳ್ಳಗಿದ್ದವರಿಗೆ ಕಣ್ಣಿನೊಳಗೆ ಲೆನ್ಸ್ ಇಡುವ ಬೇರೆ ಕ್ರಮವೂ ಇದೆ, ಅದು ಇಲ್ಲಿ ಬೇಡ.

ಆಪರೇಶನ್ ಆದ ಮೇಲೆ ಒಂದೆರಡು ವಾರ ಕಣ್ಣಿಗೆ ನೀರು ಬೀಳಬಾರದು, ಉಜ್ಜಬಾರದು, ಧೂಳು ತಾಗಬಾರದು. ಕೆರೆ, ಹೊಳೆ, ಸಮುದ್ರದ ಸ್ನಾನ ಸುಮಾರು ಒಂದು ತಿಂಗಳು ಬೇಡ. ಹಟ್ಟಿಯ ಕೆಲಸಕ್ಕೆ ಕನಿಷ್ಠ ಎರಡು ವಾರ ರಜೆ ಎಂದೇ ಇಟ್ಟುಕೊಳ್ಳಿ. ಒಣಹುಲ್ಲು ಇಳಿಸುವುದು, ಭತ್ತ ಬಡಿಯುವುದು, ಹಟ್ಟಿಗೆ ಸುಣ್ಣ ಬಳಿಯುವುದು ಇನ್ನೂ ತಡವಾಗಿಯೇ ಆಗಲಿ. ಹುಲ್ಲಿನ ಚೂರು, ಭತ್ತದ ಸುಂಕು ಕಣ್ಣಿಗೆ ಚುಚ್ಚಿದರೆ ಅದರೊಂದಿಗೆ ಬೂಷ್ಟು ಒಳಗೆ ಹೋಗುತ್ತದೆ. ನಮ್ಮ ದೇಶದ ಕೃಷಿಕರಲ್ಲಿ ಕಾರ್ನಿಯಾ ಹುಣ್ಣಿಗೆ ಬೂಷ್ಟು ಒಂದು ದೊಡ್ಡ ಕಾರಣ. ಆಪರೇಶನ್ನಿನ ನಂತರ ಕೊಡುವ ತೊಟ್ಟು ಮದ್ದಿನಲ್ಲಿ ಸ್ಟೆರಾಯ್ಡ್ ಇರುತ್ತದೆ. ಬೂಷ್ಟು ಹಿಡಿದ ಕಣ್ಣಿಗೆ ಸ್ಟೆರಾಯ್ಡ್ ಬಿದ್ದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ವೈದ್ಯರು ಹೇಳಿದ ದಿನಕ್ಕಿಂತ ಹೆಚ್ಚು ದಿನ ಹಾಕಿದರೆ ಕಣ್ಣಿನ ಒತ್ತಡವೂ ಏರುತ್ತದೆ. ಕಣ್ಣು ಕೆಂಪಾಗಿ ನೋವು ಹೆಚ್ಚಾದರೆ, ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮತ್ತು ದಯವಿಟ್ಟು, ಹಸುವಿನ ಕಣ್ಣಿಗೆ ನಾನು ಬರೆದುಕೊಟ್ಟ ಮುಲಾಮಿನ ಉಳಿಕೆಯನ್ನು ನಿಮ್ಮ ಕಣ್ಣಿಗೆ ಹಚ್ಚಬೇಡಿ. ಹಚ್ಚಿಕೊಂಡವರನ್ನು ಕಂಡೇ ಹೇಳುತ್ತಿದ್ದೇನೆ.

ಹಾಗಾದರೆ ಯಾವಾಗ ಮಾಡಿಸುವುದು? ಒಂದೆರಡು ಹಸುಗಳಿರುವ ಮನೆಯಲ್ಲಿ, ಕರೆಯುವವರೇ ಮಾಡಿಸುವುದಾದರೆ, ಹಸುವಿನ ಹಾಲು ಬತ್ತಿಸಿದ ಎರಡು ತಿಂಗಳಲ್ಲಿ ಇಟ್ಟುಕೊಳ್ಳಿ. ಕರಾವಿನ ಕೆಲಸ ಇರುವುದಿಲ್ಲ. ಕೊಯ್ಲು ಮತ್ತು ಜಡಿಮಳೆ ಎರಡನ್ನೂ ತಪ್ಪಿಸಿ. ನಾಲ್ಕೈದು ಹಸು ಇದ್ದವರಿಗೆ ಎಲ್ಲವೂ ಒಟ್ಟಿಗೆ ಬತ್ತುವುದಿಲ್ಲ. ಅವರು ಕರೆಯಲು ಬದಲಿ ಜನ ಗೊತ್ತುಮಾಡಿಕೊಂಡೇ ದಿನ ನಿಗದಿ ಮಾಡಬೇಕು.

ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಸಂತೋಷದಿಂದ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕೆಲವು ತಿಂಗಳು ಕಣ್ಣು ಒಣಗಿದಂತಾಗಿ ಉರಿಯುವುದು ಸಾಮಾನ್ಯ, ಕೆಲವರಿಗೆ ಅದು ಬಹುಕಾಲ ಉಳಿಯುತ್ತದೆ. ರಾತ್ರಿ ದೀಪದ ಸುತ್ತ ಬಳೆಯಂತೆ ಕಾಣುವುದೂ ಇದೆ. ಬೆಳಗ್ಗೆ ಐದಕ್ಕೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೆದ್ದಾರಿಯಲ್ಲಿ ಬೈಕ್ ಓಡಿಸುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸಂಧಿವಾತಕ್ಕೆ ಮದ್ದು ತೆಗೆದುಕೊಳ್ಳುವವರು, ಕಣ್ಣಿಗೆ ಹಿಂದೆ ಸರ್ಪಸುತ್ತಿನಂಥ ಹುಣ್ಣು ಬಂದವರು ಇವೆಲ್ಲವನ್ನೂ ವೈದ್ಯರಿಗೆ ಹೇಳಲೇಬೇಕು. ಹೆಚ್ಚು ಮೈನಸ್ ಇದ್ದವರ ಅಕ್ಷಿಪಟಲ ಹರಿಯುವ ಅಪಾಯ ಕನ್ನಡಕ ಬಿಟ್ಟ ಮೇಲೂ ಇರುತ್ತದೆ, ಕಣ್ಣಿನ ಉದ್ದ ಬದಲಾಗಿಲ್ಲವಲ್ಲ. ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು.

ನಲವತ್ತು ದಾಟಿದವರು ಚಾಳೀಸಿನ ಲೆಕ್ಕ ಹಾಕಬೇಕು. ಮೈನಸ್ ಎರಡೂವರೆ ಇರುವವರು ಕನ್ನಡಕ ತೆಗೆದು ಪೇಪರು ಓದುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ಲೇಸರ್ ಮಾಡಿಸಿ ದೂರ ಸರಿಯಾದರೆ ಈ ಹತ್ತಿರದ ಅನುಕೂಲ ಹೋಗುತ್ತದೆ, ಓದಲು ಕನ್ನಡಕ ಬರುತ್ತದೆ. ನನ್ನ ಹನ್ನೆರಡು ಅಂಕಿಯ ಕಿವಿಯೋಲೆಯ ಸಂಖ್ಯೆ, ಲಸಿಕೆ ಬಾಟಲಿಯ ಇರುವೆಯಂಥ ಅಕ್ಷರಗಳೆಲ್ಲ ಈಗ ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದೇ ಓದುವುದು. ಐವತ್ತೈದು ದಾಟಿ ಪೊರೆ ಶುರುವಾದವರಿಗಂತೂ ಲೇಸರ್ ದಂಡ. ಪೊರೆ ತೆಗೆಯುವಾಗ ಇಡುವ ಲೆನ್ಸಿನಲ್ಲೇ ಪವರ್ ಸರಿಮಾಡಬಹುದು.

ಖರ್ಚು ವಿಧಾನದ ಮೇಲೆ, ಊರಿನ ಮೇಲೆ ಹೋಗುತ್ತದೆ. ಎರಡು ಕಣ್ಣಿಗೆ ಕೆಲವು ಹತ್ತು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಆರೋಗ್ಯ ವಿಮೆ ಇದೆಯೆಂದು ನಂಬಿ ಹೋಗಬೇಡಿ. ಏಳೂವರೆ ಪವರಿಗಿಂತ ಕಡಿಮೆ ದೋಷದ ಚಿಕಿತ್ಸೆಯನ್ನು ವಿಮಾ ಪಾಲಿಸಿಗಳು ಹೊರಗಿಡುತ್ತವೆ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಮತ್ತೆ ಜಾರಿಯಾದ ಯಶಸ್ವಿನಿ ಯೋಜನೆಯೂ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ಪಟ್ಟಿ ನೋಡದೆ ಮುಂಗಡ ಕಟ್ಟಬೇಡಿ. ‘ಇವತ್ತೇ ಹೆಸರು ಕೊಟ್ಟರೆ ರಿಯಾಯಿತಿ’ ಎನ್ನುವ ಕಡೆ ಪಶು ಆಹಾರದ ಚೀಲವನ್ನೂ ನಾನು ಕೊಳ್ಳುವುದಿಲ್ಲ.

ಕೆಲಸಕ್ಕೆ ಸೇರುವ ಮಕ್ಕಳಿದ್ದರೆ ಇನ್ನೊಂದು ಎಚ್ಚರ. ಭಾರತೀಯ ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಲಾಸಿಕ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಸೇನೆಯ ಕೆಲವು ಹುದ್ದೆಗಳಲ್ಲಿ 20 ವರ್ಷ ತುಂಬುವ ಮೊದಲು ಮಾಡಿಸಿದ್ದರೆ ಅನರ್ಹ, ಮಾಡಿಸಿ 12 ತಿಂಗಳು ಕಳೆದಿರಬೇಕು, ಮೊದಲಿನ ಪವರಿಗೂ ಮಿತಿ ಇದೆ. ನೇಮಕಾತಿ ಪ್ರಕಟಣೆಯ ವೈದ್ಯಕೀಯ ಭಾಗವನ್ನು ಓದಿ, ಆಮೇಲೆ ಕಣ್ಣಿಗೆ ಕೈ ಹಚ್ಚಿ.

ಮಾಡಿಸಿಕೊಂಡವರು ಆಪರೇಶನ್ನಿನ ಮುಂಚಿನ ಪವರ್, ಕಾರ್ನಿಯಾದ ಅಳತೆ, ನಕ್ಷೆ ಇವುಗಳ ಪ್ರತಿಯನ್ನು ಕೇಳಿ ಪಡೆದು ಪಾಸ್ ಪುಸ್ತಕ, ಜಾಗದ ಪತ್ರಗಳ ಜೊತೆ ಜೋಪಾನವಾಗಿಡಿ. ಮೂವತ್ತು ವರ್ಷದ ನಂತರ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಲೆಕ್ಕ ಸವೆಸಿದ ಕಣ್ಣಿನಲ್ಲಿ ಸುಲಭವಾಗಿ ತಪ್ಪುತ್ತದೆ. ಆಗ ವೈದ್ಯರು ಮೊದಲು ಕೇಳುವುದು ಈ ಕಾಗದವನ್ನು.

ಆ ಗಡಸು ಹಟ್ಟಿಯಲ್ಲೇ ಇದೆ. ಕೃತಕ ಗರ್ಭಧಾರಣೆ ಮಾಡಿಸಿ ಎರಡು ತಿಂಗಳಾಯಿತು, ಮುಂದಿನ ವಾರ ಗಬ್ಬ ನೋಡಲು ಹೋಗಬೇಕು. ಹುಡುಗಿಯ ಕಣ್ಣಿನ ಪರೀಕ್ಷೆಗೆ ಇನ್ನೂ ಸಮಯವಿದೆ.